ರೌಟರಿನ ಹಿಂಬಾಗಿಲು

ರೌಟರ್, ಸ್ವಿಚ್, ಫೈರ್‌ವಾಲ್‌ಗಳಿಗೆ ಎರಡು ಬಗೆಯ ಸಂಚಾರ ಇರುತ್ತದೆ. ಒಂದು, ಅವುಗಳ ಮೂಲಕ ಹಾದುಹೋಗುವುದು: ಬ್ಯಾಂಕ್ ಶಾಖೆಯಿಂದ ಕೇಂದ್ರ ಕಚೇರಿಗೆ ಹೋಗುವ ಲೆಕ್ಕ, ಆಸ್ಪತ್ರೆಯ ಲ್ಯಾಬಿನಿಂದ ವೈದ್ಯರ ಪರದೆಗೆ ಬರುವ ವರದಿ. ಇನ್ನೊಂದು, ಆ ಉಪಕರಣಕ್ಕೇ ಬರುವುದು: ಅದಕ್ಕೆ ಆದೇಶ ಕೊಡಲು, ಅದರ ಆರೋಗ್ಯ ವಿಚಾರಿಸಲು, ಅದು ಹೇಳಿದ್ದನ್ನು ಬರೆದಿಟ್ಟುಕೊಳ್ಳಲು. ಮೊದಲನೆಯದು ಅಂಗಡಿಯ ಮುಂಬಾಗಿಲಾದರೆ ಎರಡನೆಯದು ಮಾಲೀಕನೂ ಕೆಲಸದವರೂ ಓಡಾಡುವ ಹಿಂಬಾಗಿಲು. ನೆಟ್‌ವರ್ಕ್ ಎಂಜಿನಿಯರುಗಳು ಇದನ್ನು ಮ್ಯಾನೇಜ್‌ಮೆಂಟ್ ಪ್ಲೇನ್ ಎನ್ನುತ್ತಾರೆ. ಬಳಕೆದಾರರ ಕಣ್ಣಿಗೆ ಇದು ಎಂದೂ ಬೀಳುವುದಿಲ್ಲ. ಕಳ್ಳನ ಕಣ್ಣು ಮಾತ್ರ ಮೊದಲು ಹೋಗುವುದು ಇಲ್ಲಿಗೇ.

ಕಾರಣ ಸರಳ. ಒಂದು ಕಂಪ್ಯೂಟರಿಗೆ ನುಗ್ಗಿದವನಿಗೆ ಆ ಕಂಪ್ಯೂಟರಿನಲ್ಲಿರುವುದಷ್ಟೇ ಸಿಗುತ್ತದೆ. ರೌಟರಿಗೆ ನುಗ್ಗಿದವನು ಇಡೀ ಕಚೇರಿಯ ಸಂಚಾರವನ್ನು ಬೇರೆ ದಾರಿಗೆ ತಿರುಗಿಸಬಹುದು, ಅದರ ಒಂದು ಪ್ರತಿಯನ್ನು ಸದ್ದಿಲ್ಲದೆ ಹೊರಗೆ ಕಳಿಸಬಹುದು, ತನ್ನ ಹೆಜ್ಜೆಗುರುತನ್ನು ತಾನೇ ಅಳಿಸಬಹುದು. ರೌಟರಿನೊಳಗೆ ಆ್ಯಂಟಿವೈರಸ್ ಸಾಮಾನ್ಯವಾಗಿ ಇರುವುದಿಲ್ಲ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಧೂಳು ತಿನ್ನುತ್ತಾ ಏಳೆಂಟು ವರ್ಷ ಅದು ಓಡುತ್ತಲೇ ಇರುತ್ತದೆ. ಓಡುತ್ತಿರುವುದನ್ನು ಮುಟ್ಟಬಾರದು ಎಂಬುದು ಈ ವೃತ್ತಿಯ ಅಲಿಖಿತ ನಿಯಮ. ಅಪಾಯಗಳಲ್ಲಿ ಅರ್ಧ ಹುಟ್ಟುವುದು ಆ ನಿಯಮದಿಂದಲೇ.

ಹಿಂಬಾಗಿಲಿನ ಭದ್ರತೆಗೆ ಬೇಕಾದ ಪ್ರೋಟೋಕಾಲ್‌ಗಳೆಲ್ಲ ಸಿದ್ಧವಾಗಿ ಎಷ್ಟೋ ವರ್ಷಗಳಾದವು. ಕೊರತೆ ಇರುವುದು ಅವುಗಳಲ್ಲಲ್ಲ. ಹೊಸ ಬೀಗದ ಬಾಗಿಲನ್ನು ಕೂರಿಸಿದವರು ಪಕ್ಕದಲ್ಲೇ ಇರುವ ಹಳೆಯ ಬಾಗಿಲನ್ನು ಮುಚ್ಚಲು ಮರೆಯುತ್ತಾರೆ. ಈ ಮರೆವು ಒಂದೊಂದು ಪ್ರೋಟೋಕಾಲಿನಲ್ಲೂ ಒಂದೊಂದು ರೂಪ ತಾಳುತ್ತದೆ.

ಮೊದಲು ಲಾಗಿನ್. ದೂರದಲ್ಲಿ ಕುಳಿತು ಉಪಕರಣಕ್ಕೆ ಆದೇಶ ಕೊಡಲು ಬಹಳ ಕಾಲ ಬಳಕೆಯಲ್ಲಿದ್ದದ್ದು ಟೆಲ್ನೆಟ್. ಅದರ ಈಗಿನ ಮಾನಕ 1983ರದು, ಬಳಸುವ ಪೋರ್ಟ್ 23. ಬೆರಳಚ್ಚಿಸಿದ ಪ್ರತಿ ಅಕ್ಷರವೂ, ಪಾಸ್‌ವರ್ಡ್ ಕೂಡ, ಟೆಲ್ನೆಟ್‌ನಲ್ಲಿ ಪೋಸ್ಟ್‌ಕಾರ್ಡಿನಂತೆ ತೆರೆದೇ ಹೋಗುತ್ತದೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ಕೂರಿಸಿದ್ದು ಪತ್ತೆಯಾಯಿತು. ಅಲ್ಲಿದ್ದ ಟಾಟು ಯ್ಲೋನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಖಾಲಿಯಿದ್ದ 22ನ್ನು ಅವರು ಕೇಳಿ ಪಡೆದರು. ಆ ಎರಡರ ಜಾಗವನ್ನೂ ತಾನು ತುಂಬಬೇಕೆಂಬ ಆಸೆ ಆ ಸಂಖ್ಯೆಯಲ್ಲೇ ಇದೆ. ಮೊದಲ ಆವೃತ್ತಿಯಲ್ಲಿ ದೋಷಗಳು ಕಂಡಿದ್ದರಿಂದ ಎರಡನೆಯದು ಬಂತು. 2006ರಲ್ಲಿ ಅದು ಅಂತರ್ಜಾಲ ಮಾನಕವಾಯಿತು. ಇಂದು ಎಸ್‌ಎಸ್‌ಎಚ್ ಎಂದರೆ ಎರಡನೆಯ ಆವೃತ್ತಿ ಎಂದೇ ತಿಳಿಯಬೇಕು.

ಸಿಸ್ಕೊ ಉಪಕರಣದಲ್ಲಿ ಎಸ್‌ಎಸ್‌ಎಚ್ ಹಚ್ಚುವುದು ನಾಲ್ಕೈದು ಸಾಲಿನ ಕೆಲಸ. ಉಪಕರಣಕ್ಕೊಂದು ಹೆಸರು, ಡೊಮೈನ್ ಹೆಸರು, 2048 ಬಿಟ್‌ಗೆ ಕಡಿಮೆಯಿಲ್ಲದ ಆರ್‌ಎಸ್‌ಎ ಕೀಲಿ, ಆವೃತ್ತಿ 2 ಎಂಬ ನಿರ್ದೇಶನ, ಆಮೇಲೆ ವಿಟಿವೈ ಸಾಲುಗಳಲ್ಲಿ ಎಸ್‌ಎಸ್‌ಎಚ್ ಒಂದಕ್ಕೇ ಪ್ರವೇಶ. ಎಡವಟ್ಟಾಗುವುದು ಈ ಕೊನೆಯ ಹೆಜ್ಜೆಯಲ್ಲಿ. ವಿಟಿವೈ ಎಂಬುದು ದೂರದಿಂದ ಬರುವವರಿಗೆಂದು ಇಟ್ಟ ಕುರ್ಚಿಗಳ ಸಾಲು. ಅನೇಕ ಸ್ವಿಚ್‌ಗಳಲ್ಲಿ ಅಂಥ ಕುರ್ಚಿಗಳು ಹದಿನಾರು, 0ಯಿಂದ 15ರವರೆಗೆ. ಕಾನ್ಫಿಗರೇಶನ್ ಕಡತದಲ್ಲಿ ಮಾತ್ರ ಅವು 0ಯಿಂದ 4, 5ರಿಂದ 15 ಎಂದು ಎರಡು ತುಂಡಾಗಿ ಕಾಣುತ್ತವೆ. ಪಠ್ಯಪುಸ್ತಕದ ಉದಾಹರಣೆಗಳು ಮೊದಲ ಐದನ್ನಷ್ಟೇ ತೋರಿಸುವುದರಿಂದ ಅದನ್ನು ನಕಲು ಮಾಡಿದವರು ಉಳಿದ ಹನ್ನೊಂದನ್ನು ಇದ್ದಂತೆಯೇ ಬಿಡುತ್ತಾರೆ. ಹೊಸದಾಗಿ ಬಂದವರಿಗೆ ಉಪಕರಣ ಖಾಲಿಯಿರುವ ಮೊದಲ ಕುರ್ಚಿ ತೋರಿಸುತ್ತದೆ. ಐದು ಜನ ಕುಳಿತಿರುವಾಗ ಬಂದ ಆರನೆಯವನಿಗೆ ಸಿಗುವುದು ಯಾರೂ ಕಾಯದ ಕುರ್ಚಿ. ಐದು ಸಂಪರ್ಕ ತೆರೆದು ಸುಮ್ಮನೆ ಹಿಡಿದಿಟ್ಟುಕೊಳ್ಳುವುದು ಯಾರಿಗೂ ಕಷ್ಟವಲ್ಲ.

ಇದೇ ಜಾತಿಯ ಇನ್ನೊಂದು ಬಿರುಕು ಐಪಿವಿ6. ಯಾವ ವಿಳಾಸಗಳಿಂದ ಲಾಗಿನ್ ಮಾಡಬಹುದು ಎಂಬ ಪಟ್ಟಿಯನ್ನು ವಿಟಿವೈ ಸಾಲಿಗೆ ಕಟ್ಟುವುದು ವಾಡಿಕೆ. ಆಡಳಿತಕ್ಕೆಂದು ಮೀಸಲಿಟ್ಟ ಒಂದೆರಡು ಕಂಪ್ಯೂಟರುಗಳ ಹೊರತು ಬೇರೆ ಯಾರಿಗೂ ಬಾಗಿಲು ಕಾಣಿಸಲೂಬಾರದು. ಆದರೆ ಐಪಿವಿ4ಕ್ಕೆ ಬರೆದ ಪಟ್ಟಿ ಐಪಿವಿ6ಕ್ಕೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆಯೇ ಪಟ್ಟಿ ಬೇಕು. ಸೇವಾದಾತ ಕಂಪನಿ ಐಪಿವಿ6 ಕೊಡಲು ಶುರುಮಾಡಿದ ದಿನ, ಉಪಕರಣದಲ್ಲೂ ಅದು ಚಾಲೂ ಆದರೆ, ಬಿಗಿಯಾಗಿ ಮುಚ್ಚಿದ್ದ ರೌಟರು ಇನ್ನೊಂದು ಬದಿಯಿಂದ ತೆರೆದುಕೊಂಡಿರುತ್ತದೆ.

ಬ್ರೌಸರಿನಲ್ಲಿ ತೆರೆದುಕೊಳ್ಳುವ ಆಡಳಿತ ಪುಟದ ಕಥೆ ಇನ್ನೂ ಕೆಟ್ಟದು. ಸಿಸ್ಕೊದ ಐಒಎಸ್ ಎಕ್ಸ್ಇ ತಂತ್ರಾಂಶದ ವೆಬ್ ಪುಟದಲ್ಲಿದ್ದ ದೋಷವೊಂದು 2023ರ ಅಕ್ಟೋಬರಿನಲ್ಲಿ ಬಯಲಾಯಿತು. ಪಾಸ್‌ವರ್ಡೇ ಇಲ್ಲದೆ ಅತ್ಯುನ್ನತ ಅಧಿಕಾರದ ಹೊಸ ಖಾತೆ ಸೃಷ್ಟಿಸಲು ಅದು ಅವಕಾಶ ಕೊಡುತ್ತಿತ್ತು. ಪ್ಯಾಚ್ ಬರುವ ಮೊದಲೇ ಜಗತ್ತಿನಾದ್ಯಂತ ಹತ್ತಾರು ಸಾವಿರ ಉಪಕರಣಗಳು ಪರರ ಪಾಲಾದವು. ಆ ಪುಟವನ್ನು ಬಳಸದವರ ಉಪಕರಣಗಳೂ ಅದರಲ್ಲಿ ಇಲ್ಲದಿರಲಾರವು. ಚಾಲೂ ಇದ್ದರೆ ಸಾಕಿತ್ತು, ಬಳಸಲೇಬೇಕೆಂದೇನೂ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ತನ್ನ ಒಕ್ಕೂಟ ಸರ್ಕಾರದ ಇಲಾಖೆಗಳಿಗೆ ಆದೇಶ ಹೊರಡಿಸಿತ್ತು: ಅಂತರ್ಜಾಲಕ್ಕೆ ತೆರೆದಿರುವ ಆಡಳಿತ ಬಾಗಿಲು ಕಂಡುಬಂದರೆ 14 ದಿನಗಳೊಳಗೆ ಅದನ್ನು ಒಳಗೆಳೆದುಕೊಳ್ಳಬೇಕು, ಇಲ್ಲವೇ ಅದರ ಮುಂದೆ ಬೇರೆ ಕಾವಲು ನಿಲ್ಲಿಸಬೇಕು.

ಬಾಗಿಲಾದ ಮೇಲೆ ಬರುವವರ ವಿಚಾರ. ಕಾರ್ಖಾನೆಯಿಂದ ಬಂದ ಅಡ್ಮಿನ್-ಅಡ್ಮಿನ್ ಜೋಡಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 2017ರ ಜುಲೈನಲ್ಲಿ ರಾಜ್ಯದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಒಂದು ಮಾಲ್‌ವೇರ್ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಮೂಲ ಪಾಸ್‌ವರ್ಡ್ ಬದಲಿಸದೇ ಇದ್ದ ಮೋಡೆಮ್‌ಗಳೇ ಮುಖ್ಯವಾಗಿ ಬಲಿಯಾದದ್ದು. ಅದಕ್ಕೂ ಮುಂಚೆ, 2016ರಲ್ಲಿ, ಮಿರಾಯ್ ಎಂಬ ಮಾಲ್‌ವೇರ್ ಅರವತ್ತರಷ್ಟು ಕಾರ್ಖಾನೆ ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನು ಹಿಡಿದು ಟೆಲ್ನೆಟ್ ಬಾಗಿಲುಗಳನ್ನು ತಟ್ಟುತ್ತಾ ಹೋಗಿ ಕ್ಯಾಮೆರಾ, ರೌಟರುಗಳ ದೊಡ್ಡ ಸೈನ್ಯವನ್ನೇ ಕಟ್ಟಿತ್ತು.

ಕಚೇರಿಯ ಜಾಲದಲ್ಲಿ ತೊಂದರೆ ಬೇರೆ ತರಹದ್ದು. ಪಾಸ್‌ವರ್ಡ್ ಬದಲಿಸಿರುತ್ತಾರೆ, ಆದರೆ ನೂರು ಸ್ವಿಚ್‌ಗೂ ಒಂದೇ ಪಾಸ್‌ವರ್ಡ್, ಅದು ಹತ್ತು ಜನಕ್ಕೆ ಗೊತ್ತು. ಒಬ್ಬರು ಕೆಲಸ ಬಿಟ್ಟರೆ ನೂರು ಕಡೆ ಬದಲಿಸಬೇಕು, ಯಾರೂ ಬದಲಿಸುವುದಿಲ್ಲ. ಇದಕ್ಕೆ ಉತ್ತರ ಕೇಂದ್ರ ದೃಢೀಕರಣ. ಬಂದವರು ಯಾರು, ಅವರು ಏನು ಮಾಡಬಹುದು, ಏನು ಮಾಡಿದರು ಎಂಬ ಮೂರು ಪ್ರಶ್ನೆಗಳನ್ನೂ ಉಪಕರಣವು ಒಂದು ಸರ್ವರಿಗೆ ಒಪ್ಪಿಸುತ್ತದೆ. ಈ ಕೆಲಸಕ್ಕೆ ಎರಡು ಪ್ರೋಟೋಕಾಲ್‌ಗಳಿವೆ. ರೇಡಿಯಸ್ ಹುಟ್ಟಿದ್ದು 1991ರ ಸುಮಾರಿಗೆ, ಡಯಲ್-ಅಪ್ ಗ್ರಾಹಕರನ್ನು ಪರೀಕ್ಷಿಸಲು. ಸಿಸ್ಕೊ ರೂಪಿಸಿದ ಟ್ಯಾಕಾಕ್ಸ್ ಪ್ಲಸ್ ಮೂರೂ ಪ್ರಶ್ನೆಗಳನ್ನು ಬೇರೆಬೇರೆಯಾಗಿ ನಿಭಾಯಿಸುತ್ತದೆ. ಒಂದೊಂದು ಆದೇಶವನ್ನೂ ಸರ್ವರಿಗೆ ತೋರಿಸಿ ಅನುಮತಿ ಪಡೆಯಬಲ್ಲದು. ಸ್ವಿಚ್ ನಿರ್ವಹಣೆಗೆ ಇದೇ ಹೆಚ್ಚು ಅನುಕೂಲ. ಎರಡರ ರಹಸ್ಯ ಕಾಯುವ ಕ್ರಮವೂ ಎಂಡಿ5 ಎಂಬ ಹಳೆಯ ಹ್ಯಾಶ್ ಲೆಕ್ಕದ ಮೇಲೆ ನಿಂತದ್ದು, ಇಂದಿನ ಅಳತೆಗೆ ದುರ್ಬಲ. 2024ರ ಜುಲೈನಲ್ಲಿ ಬ್ಲಾಸ್ಟ್-ರೇಡಿಯಸ್ ಎಂಬ ದಾಳಿಯನ್ನು ಪ್ರಕಟಿಸಿದ ಸಂಶೋಧಕರು, ನಡುದಾರಿಯಲ್ಲಿ ಕುಳಿತವನು ಸರ್ವರಿನ ‘ಇಲ್ಲ’ವನ್ನು ‘ಹೌದು’ ಮಾಡಬಹುದೆಂದು ತೋರಿಸಿದರು. ಆದ್ದರಿಂದ ಈ ಮಾತುಕತೆ ಸಾಮಾನ್ಯ ಜಾಲದಲ್ಲಿ ಹರಿಯಬಾರದು. ಐಪಿಸೆಕ್ ಅಥವಾ ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯೊಳಗೆ, ಇಲ್ಲವೇ ಪ್ರತ್ಯೇಕ ಆಡಳಿತ ಜಾಲದಲ್ಲಿ ಹೋಗಬೇಕು.

ಸರ್ವರ್ ಕೆಟ್ಟು ಕುಳಿತ ದಿನಕ್ಕೆಂದು ಉಪಕರಣದಲ್ಲೇ ಒಂದು ಸ್ಥಳೀಯ ಖಾತೆ ಇರಬೇಕು. ಇಲ್ಲಿ ತಿಳಿದಿರಬೇಕಾದ ಸೂಕ್ಷ್ಮವೊಂದಿದೆ: ಸರ್ವರ್ ಉತ್ತರವನ್ನೇ ಕೊಡದಿದ್ದರೆ ಮಾತ್ರ ಉಪಕರಣ ಸ್ಥಳೀಯ ಖಾತೆಯತ್ತ ತಿರುಗುತ್ತದೆ. ಸರ್ವರ್ ‘ಇಲ್ಲ’ ಎಂದರೆ ಅಲ್ಲಿಗೇ ಮುಗಿಯಿತು. ಸರ್ವರಿಗೆ ಹೋಗುವ ದಾರಿಯನ್ನು ಕಡಿಯಬಲ್ಲವನು ಸ್ಥಳೀಯ ಖಾತೆಯನ್ನು ಎಬ್ಬಿಸಬಲ್ಲ ಎಂದೂ ಇದರ ಅರ್ಥ. ಹಾಗಾಗಿ ಆ ಖಾತೆಯ ಪಾಸ್‌ವರ್ಡ್ ಉದ್ದವಾಗಿ, ಪ್ರತಿ ಉಪಕರಣಕ್ಕೂ ಬೇರೆಯಾಗಿ, ಲಕೋಟೆಯಲ್ಲೋ ಪಾಸ್‌ವರ್ಡ್ ತಿಜೋರಿಯಲ್ಲೋ ಭದ್ರವಾಗಿರಬೇಕು. ಅದನ್ನು ಉಪಕರಣದಲ್ಲಿ ಬರೆದಿಡುವ ರೀತಿಯೂ ಮುಖ್ಯ. ಸಿಸ್ಕೊದ 7ನೇ ಬಗೆ ನೋಡಲು ಗೂಢಲಿಪಿಯಂತಿದ್ದರೂ ಅದನ್ನು ಬಿಡಿಸುವ ಪುಟಗಳು ಅಂತರ್ಜಾಲದ ತುಂಬಾ ಇವೆ. ಅದು ಹೆಗಲ ಮೇಲಿಂದ ಇಣುಕುವವನಿಂದ ಕಾಪಾಡಬಲ್ಲದು, ಬೇರೆ ಯಾರಿಂದಲೂ ಅಲ್ಲ. ಕಾನ್ಫಿಗರೇಶನ್ ಕಡತವನ್ನು ಸಹಾಯ ಕೇಳಲೆಂದು ಇಮೇಲಿನಲ್ಲಿ ಕಳಿಸುವವರು ಇದನ್ನು ಮರೆಯುವುದೇ ಹೆಚ್ಚು. ಅಮೆರಿಕದ ಎನ್‌ಎಸ್‌ಎ 2022ರಲ್ಲಿ ಶಿಫಾರಸು ಮಾಡಿದ್ದು 8ನೇ ಬಗೆಯನ್ನು.

ಇಂಥ ಬದಲಾವಣೆ ಮಾಡುವಾಗ ಕೈತಪ್ಪಿದರೆ ಎಂಜಿನಿಯರೇ ಹೊರಗುಳಿಯುತ್ತಾರೆ. ಕಲಬುರಗಿಯ ಶಾಖೆಯ ರೌಟರಿಗೆ ಬೆಂಗಳೂರಿನಲ್ಲಿ ಕುಳಿತು ಬೀಗ ಹಾಕಿ, ಕೀಲಿಯನ್ನು ಒಳಗೇ ಬಿಟ್ಟರೆ ರಾತ್ರಿ ಬಸ್ಸೇ ಗತಿ. ಅನುಭವಿಗಳು ಎರಡು ಎಚ್ಚರಿಕೆ ವಹಿಸುತ್ತಾರೆ. ಹಳೆಯ ಸಂಪರ್ಕವನ್ನು ಮುಚ್ಚದೆ, ಇನ್ನೊಂದು ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡುತ್ತಾರೆ. ಜೊತೆಗೆ, ಹತ್ತು ನಿಮಿಷದ ನಂತರ ತಾನಾಗಿ ಮರುಚಾಲನೆಯಾಗುವಂತೆ ರೌಟರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಎಲ್ಲ ಸರಿಹೋದರೆ ಆ ಆದೇಶ ರದ್ದು; ಕೆಟ್ಟರೆ ಉಳಿಸದ ಬದಲಾವಣೆಗಳೆಲ್ಲ ಅಳಿಸಿಹೋಗಿ ಹಳೆಯ ಸ್ಥಿತಿ ಮರಳುತ್ತದೆ. ಜುನಿಪರ್ ಉಪಕರಣಗಳಲ್ಲಿ ಇದಕ್ಕೆಂದೇ ‘ಕಮಿಟ್ ಕನ್ಫರ್ಮ್ಡ್’ ಎಂಬ ಆದೇಶವಿದೆ, ಮರುಚಾಲನೆಯ ಗೋಜೂ ಇಲ್ಲ.

ಇನ್ನು ಕಾವಲು, ಅಂದರೆ ಮಾನಿಟರಿಂಗ್. ಅದಕ್ಕೆ ಬಳಸುವ ಎಸ್‌ಎನ್‌ಎಂಪಿ ಎಂಬ ಪ್ರೋಟೋಕಾಲ್ 1988ರಲ್ಲಿ ಬಂತು. ದೊಡ್ಡ ಅಂತಾರಾಷ್ಟ್ರೀಯ ವ್ಯವಸ್ಥೆಯೊಂದು ಸಿದ್ಧವಾಗುವವರೆಗಿನ ತಾತ್ಕಾಲಿಕ ಏರ್ಪಾಡು ಎಂದುಕೊಂಡಿದ್ದರು. ದೊಡ್ಡದು ಮೂಲೆ ಸೇರಿತು, ತಾತ್ಕಾಲಿಕ ಉಳಿಯಿತು. ಇದರ ರೀತಿ ಸರಳ. ಉಪಕರಣದೊಳಗಿನ ಪ್ರತಿಯೊಂದು ಸಂಗತಿಗೂ, ಅಂದರೆ ಇಷ್ಟನೆಯ ಪೋರ್ಟಿನಲ್ಲಿ ಎಷ್ಟು ಬೈಟ್ ಹರಿದಿದೆ, ಸಿಪಿಯು ಎಷ್ಟು ದಣಿದಿದೆ, ಫ್ಯಾನ್ ತಿರುಗುತ್ತಿದೆಯೇ ಎಂಬುದಕ್ಕೆಲ್ಲ, ಚುಕ್ಕಿಗಳಿಂದ ಬೇರ್ಪಟ್ಟ ಅಂಕಿಗಳ ಒಂದು ವಿಳಾಸವಿದೆ. ಮಾನಿಟರಿಂಗ್ ಸರ್ವರ್ ಐದು ನಿಮಿಷಕ್ಕೊಮ್ಮೆ ಬಂದು ಪೋರ್ಟ್ 161ರಲ್ಲಿ ಕೇಳುತ್ತದೆ, ಉಪಕರಣ ಹೇಳುತ್ತದೆ. ತುರ್ತು ಸಂಗತಿ ಇದ್ದರೆ ಉಪಕರಣವೇ ಸರ್ವರಿನ ಪೋರ್ಟ್ 162ಕ್ಕೆ ಕೂಗು ಹಾಕುತ್ತದೆ; ಅದು ಟ್ರ್ಯಾಪ್.

ಒಂದನೆಯ ಆವೃತ್ತಿಯಲ್ಲೂ 2ಸಿ ಆವೃತ್ತಿಯಲ್ಲೂ ಕೇಳುವವನ ಗುರುತಿಗೆ ಇರುವುದು ಕಮ್ಯುನಿಟಿ ಸ್ಟ್ರಿಂಗ್ ಎಂಬ ಒಂದೇ ಒಂದು ಪದ. ಅದೂ ತೆರೆದಂತೆಯೇ ಹೋಗುತ್ತದೆ. ಓದಲು ‘ಪಬ್ಲಿಕ್’, ಬದಲಿಸಲು ‘ಪ್ರೈವೇಟ್’ ಎಂಬುದು ದಶಕಗಳ ರೂಢಿ, ಅನೇಕ ಪ್ರಿಂಟರುಗಳಲ್ಲೂ ಯುಪಿಎಸ್‌ಗಳಲ್ಲೂ ಇಂದಿಗೂ ಅದೇ. ಬರೀ ಓದುವ ಅಧಿಕಾರದಿಂದ ಏನಾದೀತು ಎಂಬ ಉಡಾಫೆ ಸಲ್ಲದು. ರೌಟಿಂಗ್ ಪಟ್ಟಿ, ಅಕ್ಕಪಕ್ಕದ ಉಪಕರಣಗಳ ವಿಳಾಸ, ತಂತ್ರಾಂಶದ ನಿಖರ ಆವೃತ್ತಿ, ಪೋರ್ಟುಗಳಿಗೆ ಎಂಜಿನಿಯರುಗಳು ಬರೆದಿಟ್ಟ ವಿವರಣೆ ಎಲ್ಲವೂ ಓದಿದರೆ ಸಿಗುತ್ತವೆ. ಇಡೀ ಮನೆಯ ನಕಾಶೆ ಅದು. ಬರೆಯುವ ಅಧಿಕಾರ ಸಿಕ್ಕಿದರಂತೂ ಸಿಸ್ಕೊ ರೌಟರಿನ ಸಂಪೂರ್ಣ ಕಾನ್ಫಿಗರೇಶನ್ನನ್ನು ತನ್ನ ಕಂಪ್ಯೂಟರಿಗೆ ಕಳಿಸುವಂತೆ ಅದಕ್ಕೇ ಹೇಳಬಹುದು. ಚಿಕ್ಕ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವ ಸ್ವಭಾವದಿಂದಾಗಿ, ಅಂತರ್ಜಾಲಕ್ಕೆ ತೆರೆದಿಟ್ಟ ಎಸ್‌ಎನ್‌ಎಂಪಿ ಉಪಕರಣವು ಬೇರೆಯವರ ಮೇಲೆ ನಡೆಯುವ ದಾಳಿಗೂ ಕವಣೆಯಾಗುತ್ತದೆ.

2023ರ ಏಪ್ರಿಲ್‌ನಲ್ಲಿ ಬ್ರಿಟನ್ ಮತ್ತು ಅಮೆರಿಕದ ಭದ್ರತಾ ಸಂಸ್ಥೆಗಳು ಜಂಟಿ ಪ್ರಕಟಣೆಯೊಂದನ್ನು ಹೊರಡಿಸಿದವು. ರಷ್ಯಾದ ಸೇನಾ ಬೇಹುಗಾರಿಕೆಗೆ ಸೇರಿದ ಎಪಿಟಿ28 ಎಂಬ ಗುಂಪು 2021ರಲ್ಲಿ ಎಸ್‌ಎನ್‌ಎಂಪಿ ಮೂಲಕವೇ ಹಲವು ಸಿಸ್ಕೊ ರೌಟರುಗಳಿಗೆ ನುಗ್ಗಿತ್ತು ಎಂಬುದು ಅದರ ಸಾರ. ಊಹಿಸಲು ಸುಲಭವಾದ ಕಮ್ಯುನಿಟಿ ಪದ ಒಂದು ದಾರಿ. 2017ರಲ್ಲೇ ಸಿಸ್ಕೊ ಪ್ಯಾಚ್ ಕೊಟ್ಟಿದ್ದ ಹಳೆಯ ದೋಷ ಇನ್ನೊಂದು ದಾರಿ. ಹೊಸ ಆಯುಧವೇನೂ ಬೇಕಾಗಿರಲಿಲ್ಲ.

ಎಸ್‌ಎನ್‌ಎಂಪಿಯ ಮೂರನೆಯ ಆವೃತ್ತಿ, ಅಂದರೆ ವಿ3, ಪೂರ್ಣ ಮಾನಕವಾದದ್ದು 2002ರ ಡಿಸೆಂಬರಿನಲ್ಲಿ. ಇದರಲ್ಲಿ ಬಳಕೆದಾರರಿಗೆ ಹೆಸರಿದೆ, ಸಂದೇಶ ತಿದ್ದಿಲ್ಲವೆಂಬುದಕ್ಕೆ ಮುದ್ರೆಯಿದೆ, ಒಳಗಿನದು ಕಾಣದಂತೆ ಗೂಢಲಿಪಿಯಿದೆ. ಆದರೆ ಮುದ್ರೆಯೂ ಗೂಢಲಿಪಿಯೂ ಕಡ್ಡಾಯವಲ್ಲ. ಮುದ್ರೆಯೂ ಇಲ್ಲದ, ಗೂಢಲಿಪಿಯೂ ಇಲ್ಲದ ಕೆಳಗಿನ ಮೆಟ್ಟಿಲೂ, ಮುದ್ರೆ ಮಾತ್ರ ಇರುವ ನಡುವಿನ ಮೆಟ್ಟಿಲೂ, ಎರಡೂ ಇರುವ ಆತ್‌ಪ್ರಿವ್ ಎಂಬ ಮೇಲಿನ ಮೆಟ್ಟಿಲೂ ಇವೆ. ‘ನಮ್ಮಲ್ಲಿ ವಿ3 ಇದೆ’ ಎಂದವರನ್ನು ಯಾವ ಮೆಟ್ಟಿಲು ಎಂದು ಕೇಳಲೇಬೇಕು. ಕೆಳಗಿನ ಮೆಟ್ಟಿಲಿನ ವಿ3ಕ್ಕೂ 2ಸಿಗೂ ಭದ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮೂಲ ಮಾನಕದಲ್ಲಿ ಮುದ್ರೆಗಿದ್ದ ಎಂಡಿ5, ಗೂಢಲಿಪಿಗಿದ್ದ ಡಿಇಎಸ್ ಎರಡೂ ಹಳಸಿವೆ. ಎಇಎಸ್ 2004ರಲ್ಲೂ ಎಸ್‌ಎಚ್‌ಎ-2 ಕುಟುಂಬ 2016ರಲ್ಲೂ ಮಾನಕಕ್ಕೆ ಸೇರಿದವು. ಉಪಕರಣ ಒಪ್ಪುವುದಾದರೆ ಇವನ್ನೇ ಆರಿಸಿಕೊಳ್ಳಬೇಕು.

ವಿ3 ಹಚ್ಚುವ ಕ್ರಮ ಹೀಗೆ. ಮೊದಲು ವ್ಯೂ: ಸರ್ವರ್ ಯಾವ ಯಾವ ವಿಳಾಸಗಳನ್ನು ಓದಬಹುದು ಎಂಬ ಮಿತಿ. ಪೋರ್ಟಿನ ಲೆಕ್ಕ ಇಡುವ ಸರ್ವರಿಗೆ ಇಡೀ ರೌಟಿಂಗ್ ಪಟ್ಟಿ ಬೇಕಿಲ್ಲ. ಆಮೇಲೆ ಗ್ರೂಪ್: ಈ ವ್ಯೂಗೆ ಆತ್‌ಪ್ರಿವ್ ಮೆಟ್ಟಿಲನ್ನು ಕಡ್ಡಾಯ ಮಾಡಿ, ಯಾವ ವಿಳಾಸದಿಂದ ಕೇಳಬಹುದು ಎಂಬ ಪಟ್ಟಿಯನ್ನೂ ಕಟ್ಟುವುದು. ಕೊನೆಗೆ ಯೂಸರ್: ಮುದ್ರೆಗೊಂದು, ಗೂಢಲಿಪಿಗೊಂದು ಎಂದು ಎರಡು ಬೇರೆ ಪಾಸ್‌ವರ್ಡ್, ಕನಿಷ್ಠ ಎಂಟು ಅಕ್ಷರ, ಅದರ ಎರಡರಷ್ಟಿದ್ದರೆ ಇನ್ನೂ ಒಳ್ಳೆಯದು.

ಇಲ್ಲೊಂದು ಒಗಟು ಅನೇಕರ ದಿನ ಹಾಳುಮಾಡಿದೆ. ಪ್ರತಿ ಉಪಕರಣಕ್ಕೂ ಎಂಜಿನ್ ಐಡಿ ಎಂಬ ಗುರುತಿನ ಸಂಖ್ಯೆಯಿದ್ದು, ಪಾಸ್‌ವರ್ಡಿನಿಂದ ತಯಾರಾಗುವ ಕೀಲಿಯಲ್ಲಿ ಅದು ಬೆರೆತಿರುತ್ತದೆ. ಒಂದು ಸ್ವಿಚ್‌ನಿಂದ ಕದ್ದ ಕೀಲಿ ಇನ್ನೊಂದಕ್ಕೆ ಹೊಂದಬಾರದು ಎಂಬುದು ಇದರ ಉದ್ದೇಶ, ಒಳ್ಳೆಯದೇ. ಆದರೆ ಸಿಸ್ಕೊದಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ ಯಂತ್ರದ ಮ್ಯಾಕ್ ವಿಳಾಸದಿಂದ ಬರುತ್ತದೆ. ಮೇಲಾಗಿ ಯೂಸರ್ ಸಾಲು ಕಾನ್ಫಿಗರೇಶನ್ ಕಡತದಲ್ಲಿ ಕಾಣುವುದೇ ಇಲ್ಲ. ಸಿಡಿಲು ಬಡಿದು ಸ್ವಿಚ್ ಸುಟ್ಟಿತು, ಹೊಸದು ತಂದು ಹಳೆಯ ಕಡತವನ್ನು ಸುರಿದರು, ಎಲ್ಲ ಓಡುತ್ತದೆ, ಮಾನಿಟರಿಂಗ್ ಮಾತ್ರ ಇಲ್ಲ. ಆ ಅವಸರದಲ್ಲಿ ಯಾರೋ ‘ಸದ್ಯಕ್ಕೆ’ ಎಂದು 2ಸಿ ಹಚ್ಚುತ್ತಾರೆ. ಕನ್ನಡದಲ್ಲಿ ‘ಸದ್ಯಕ್ಕೆ’ ಎಂಬ ಪದದ ಆಯಸ್ಸು ಎಷ್ಟೆಂದು ಸರ್ಕಾರಿ ಕಚೇರಿಯ ಕಟ್ಟಡಗಳನ್ನು ನೋಡಿದವರಿಗೆ ಗೊತ್ತು.

ಗಡಿಯಾರವೂ ತೊಡಕು ತರುತ್ತದೆ. ಹಳೆಯ ಸಂದೇಶವನ್ನು ಹಿಡಿದಿಟ್ಟು ಮತ್ತೆ ಕಳಿಸುವ ಕುತಂತ್ರ ತಡೆಯಲು, ಎರಡೂ ಕಡೆಯ ಎಂಜಿನ್ ಕಾಲದ ಎಣಿಕೆಯಲ್ಲಿ 150 ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ವಿ3 ಸಂದೇಶವನ್ನು ತಿರಸ್ಕರಿಸುತ್ತದೆ. ಇದು ಗೋಡೆ ಗಡಿಯಾರದ ಸಮಯವಲ್ಲ, ಉಪಕರಣ ಎಷ್ಟು ಬಾರಿ ಎದ್ದಿದೆ, ಎದ್ದು ಎಷ್ಟು ಸೆಕೆಂಡಾಯಿತು ಎಂಬ ಲೆಕ್ಕ. ಇನ್ನೊಂದು ಮಾತು: ಎಂಜಿನ್ ಐಡಿ ಯಾವುದೆಂದು ಮೊದಲು ಕೇಳುವ ಸಂದೇಶಕ್ಕೆ ಮುದ್ರೆ ಇರಲು ಸಾಧ್ಯವಿಲ್ಲ, ಉಪಕರಣ ಅದಕ್ಕೆ ಯಾರು ಕೇಳಿದರೂ ಉತ್ತರ ಕೊಡುತ್ತದೆ. ಆದ್ದರಿಂದ ಎಷ್ಟೇ ಗಟ್ಟಿಯಾದ ವಿ3 ಇದ್ದರೂ ಪೋರ್ಟ್ 161 ಮಾನಿಟರಿಂಗ್ ಸರ್ವರಿಗೆ ಬಿಟ್ಟು ಬೇರೆಯವರಿಗೆ ಕಾಣಬಾರದು.

ವಿ3 ಓಡತೊಡಗಿದ ಮೇಲೆ ಉಳಿಯುವ ಕೆಲಸ 2ಸಿಯ ಸಾಲುಗಳನ್ನು ಅಳಿಸುವುದು. ಬಹಳ ಕಡೆ ಆಗದೇ ಉಳಿಯುವುದು ಇದೇ. ಅಂಥ ಉಪಕರಣದಲ್ಲಿ ವಿ3 ಅಲಂಕಾರಕ್ಕಿರುತ್ತದೆ, ಕಳ್ಳ 2ಸಿಯ ದಾರಿಯಲ್ಲಿ ಬರುತ್ತಾನೆ. 2ಸಿ ಬಿಟ್ಟು ಬೇರೆ ಅರಿಯದ ಹಳೆಯ ಯುಪಿಎಸ್ ಇದ್ದರೆ ಅದನ್ನು ಬೇರೆ ವಿಎಲ್ಯಾನ್‌ಗೆ ತಳ್ಳಿ, ಓದುವ ಅಧಿಕಾರವನ್ನಷ್ಟೇ ಉಳಿಸಿ, ಮುದಿಯಾನೆಯನ್ನು ಸಾಕುವಂತೆ ಪ್ರತ್ಯೇಕವಾಗಿ ಸಾಕಬೇಕು.

ಎಸ್‌ಎನ್‌ಎಂಪಿ ಆರೋಗ್ಯ ವಿಚಾರಿಸಿದರೆ, ಸಿಸ್‌ಲಾಗ್ ದಿನಚರಿ ಬರೆಯುತ್ತದೆ. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್‌ಮನ್ ತಮ್ಮ ಸೆಂಡ್‌ಮೇಲ್ ತಂತ್ರಾಂಶಕ್ಕೆಂದು ಬರೆದದ್ದು ಎಲ್ಲ ಕಡೆ ಹಬ್ಬಿತು. ಸಂದೇಶದ ಗಂಭೀರತೆಗೆ 0ಯಿಂದ 7ರವರೆಗೆ ಅಂಕಿ. 0 ಎಂದರೆ ಮನೆಗೆ ಬೆಂಕಿ, 7 ಎಂದರೆ ಕಸಬುದಾರರ ಗೊಣಗಾಟ. ಉಪಕರಣದೊಳಗಿನ ಲಾಗ್ ಮರುಚಾಲನೆಯೊಂದಿಗೆ ಅಳಿಸಿಹೋಗುತ್ತದೆ, ನುಗ್ಗಿದವನೂ ಅಳಿಸಬಲ್ಲ. ಹಾಗಾಗಿ ಪ್ರತಿ ಸಾಲೂ ಬರೆದ ಕ್ಷಣವೇ ಬೇರೆ ಸರ್ವರಿಗೆ ಹೋಗಬೇಕು. ಹಳೆಯ ದಾರಿಯಾದ ಯುಡಿಪಿ ಪೋರ್ಟ್ 514ರಲ್ಲಿ ಸಂದೇಶ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ, ಸುಳ್ಳು ಸಂದೇಶ ಸೇರಿಸಿದರೂ ತಿಳಿಯುವುದಿಲ್ಲ. 2009ರ ಮಾನಕ ಟಿಎಲ್‌ಎಸ್ ಹೊದಿಸಿ ಪೋರ್ಟ್ 6514ರಲ್ಲಿ ಕಳಿಸುವ ಕ್ರಮವನ್ನು ಕೊಟ್ಟಿದೆ. ಯಾರು ಲಾಗಿನ್ ಆದರು, ಯಾರು ವಿಫಲರಾದರು, ಕಾನ್ಫಿಗರೇಶನ್ನಿನಲ್ಲಿ ಯಾವ ಸಾಲು ಬದಲಾಯಿತು ಎಂಬ ಮೂರು ಸಂಗತಿಗಳನ್ನು ಬರೆಯುವಂತೆ ಹೇಳದಿದ್ದರೆ ಬಹಳಷ್ಟು ಉಪಕರಣಗಳು ಪೋರ್ಟ್ ಎದ್ದಿತು, ಪೋರ್ಟ್ ಬಿದ್ದಿತು ಎಂಬುದನ್ನೇ ಬರೆದು ಪುಟ ತುಂಬಿಸುತ್ತವೆ.

ದಿನಚರಿಗೆ ಸರಿಯಾದ ವೇಳೆ ಬೇಕು. ಗಡಿಯಾರ ಸರಿಯಿಲ್ಲದ ಎಂಟು ಉಪಕರಣಗಳ ಲಾಗ್ ಜೋಡಿಸಿದರೆ ಕಳ್ಳ ಒಳಬರುವ ಮೊದಲೇ ಹೊರಹೋಗಿರುತ್ತಾನೆ. 1985ರಲ್ಲಿ ಡೇವಿಡ್ ಮಿಲ್ಸ್ ಕೊಟ್ಟ ಎನ್‌ಟಿಪಿ ಇದಕ್ಕಿರುವ ಉಪಾಯ. ಭಾರತದಲ್ಲಿ ಇದು ಕಾನೂನಿನ ವಿಷಯವೂ ಹೌದು. 2022ರ ಏಪ್ರಿಲ್ 28ರಂದು ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳ ಗಡಿಯಾರಗಳು ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳ ಜಾಡು ಹಿಡಿದ ಸರ್ವರುಗಳಿಗೆ ಹೊಂದಿಕೊಂಡಿರಬೇಕು. ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಒಳಗಿನ ಎರಡು ಸರ್ವರುಗಳು ಮಾತ್ರ ಹೊರಗಿನಿಂದ ವೇಳೆ ಪಡೆದು, ಉಳಿದ ಉಪಕರಣಗಳು ಅವನ್ನು ಕೇಳುವಂತೆ ಮಾಡುವುದು ವಾಸಿ. ದಿನಚರಿಯ ಪ್ರತಿ ಸಾಲಿನ ವೇಳೆಯ ಗುರುತಿನಲ್ಲಿ ವರ್ಷ, ಮಿಲಿಸೆಕೆಂಡು, ವೇಳೆಯ ವಲಯ ಮೂರೂ ಇರಲಿ. ಒಂದು ಉಪಕರಣ ಯುಟಿಸಿಯಲ್ಲೂ ಇನ್ನೊಂದು ಐಎಸ್‌ಟಿಯಲ್ಲೂ ಬರೆದರೆ ಐದೂವರೆ ಗಂಟೆಯ ಒಗಟು ಬಿಡಿಸುತ್ತಾ ಆ 6 ಗಂಟೆ ಕಳೆದುಹೋಗುತ್ತದೆ.

ಯಾರು ಯಾರೊಂದಿಗೆ ಎಷ್ಟು ಮಾತಾಡಿದರು ಎಂದು ಹೇಳುವ ನೆಟ್‌ಫ್ಲೋ, ಆದೇಶಗಳನ್ನು ಯಂತ್ರಗಳಿಗೆ ತಿಳಿಯುವ ರೂಪದಲ್ಲಿ ಎಸ್‌ಎಸ್‌ಎಚ್ ಒಳಗೇ ಪೋರ್ಟ್ 830ರಲ್ಲಿ ಸಾಗಿಸುವ ನೆಟ್‌ಕಾನ್ಫ್ ಇವೆರಡೂ ಇದೇ ಕುಟುಂಬದವು. ಮೊದಲನೆಯದು ಸಾಮಾನ್ಯವಾಗಿ ತೆರೆದೇ ಹೋಗುವುದರಿಂದ ಒಳದಾರಿ ಬಿಟ್ಟು ಹೊರಬರಬಾರದು.

ಆ ಒಳದಾರಿಯೇ ಔಟ್-ಆಫ್-ಬ್ಯಾಂಡ್ ಜಾಲ: ಬಳಕೆದಾರರ ಸಂಚಾರ ಹೋಗದ, ಆಡಳಿತಕ್ಕೆಂದೇ ಇಟ್ಟ ಪ್ರತ್ಯೇಕ ತಂತಿ ಅಥವಾ ಕನಿಷ್ಠಪಕ್ಷ ಪ್ರತ್ಯೇಕ ವಿಆರ್‌ಎಫ್, ಅಂದರೆ ಅದೇ ಉಪಕರಣದೊಳಗೆ ಬೇರೆಯಾಗಿಟ್ಟ ರೌಟಿಂಗ್ ಪಟ್ಟಿ. ಮೇಲೆ ಹೇಳಿದ ಎಲ್ಲ ಮಾತುಕತೆಗಳೂ ಇದರಲ್ಲಿ ನಡೆದರೆ ಮುಂಬಾಗಿಲಿನಲ್ಲಿ ಗದ್ದಲವಾದಾಗಲೂ ಹಿಂಬಾಗಿಲು ಕೈಗೆಟುಕುತ್ತದೆ. ಆದರೆ ಪ್ರತ್ಯೇಕ ಎಂಬುದು ನಿಜವಾಗಿಯೂ ಪ್ರತ್ಯೇಕವಾಗಿರಬೇಕು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದ ಮಾಯವಾದಾಗ ಮುಖ್ಯ ಜಾಲದೊಂದಿಗೆ ಔಟ್-ಆಫ್-ಬ್ಯಾಂಡ್ ದಾರಿಯೂ ಬಿದ್ದಿತ್ತು. ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಿ ಯಂತ್ರಗಳ ಮುಂದೆ ನಿಲ್ಲಬೇಕಾಯಿತು.

ಎಲ್ಲ ಕೀಲಿಗಳೂ ಬಂದು ಸೇರುವುದು ಮಾನಿಟರಿಂಗ್ ಸರ್ವರಿನಲ್ಲಿ. ಅದನ್ನೇ ಯಾರೂ ಕಾಯದಿರುವುದು ವಿಚಿತ್ರವಾದರೂ ಸಾಮಾನ್ಯ. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಆರಿಸಿಕೊಂಡದ್ದು ಓರಿಯನ್ ಎಂಬ ಮಾನಿಟರಿಂಗ್ ತಂತ್ರಾಂಶವನ್ನೇ. ವಿಷ ಬೆರೆತ ಅದರ ಅಪ್‌ಡೇಟ್ ಹೆಚ್ಚುಕಡಿಮೆ 18,000 ಗ್ರಾಹಕರವರೆಗೆ ತಲುಪಿತ್ತು. ಕಾವಲುಗಾರನ ಸರ್ವರಿಗೆ ಓದುವ ಅಧಿಕಾರಕ್ಕಿಂತ ಹೆಚ್ಚು ಕೊಡಬಾರದು, ಅದು ಅಂತರ್ಜಾಲದೊಂದಿಗೆ ಮನಬಂದಂತೆ ಮಾತಾಡಲೂಬಾರದು.

ಎಲ್ಲ ಮುಗಿಯಿತು ಎನಿಸಿದಾಗ ಒಂದು ಪರೀಕ್ಷೆ ಉಳಿಯುತ್ತದೆ. ಆಡಳಿತ ಜಾಲಕ್ಕೆ ಸೇರದ ಸಾಮಾನ್ಯ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದು ಉಪಕರಣದ ಪೋರ್ಟ್ 22, 23, 80, 443, 161ನ್ನು ತಟ್ಟಿ ನೋಡಬೇಕು, ಐಪಿವಿ4ರಲ್ಲೂ ಐಪಿವಿ6ರಲ್ಲೂ. ‘ಪಬ್ಲಿಕ್’ ಎಂಬ ಪದಕ್ಕೆ ಯಾರಾದರೂ ಓಗೊಡುತ್ತಾರೆಯೇ ಎಂದು ಕೇಳಬೇಕು. ಕಾನ್ಫಿಗರೇಶನ್ ಕಡತ ಓದಿ ತೃಪ್ತಿಪಡುವ ಆಡಿಟ್‌ಗಿಂತ ಅರ್ಧ ಗಂಟೆಯ ಈ ಪರೀಕ್ಷೆ ಹೆಚ್ಚು ನಂಬಿಕಸ್ಥ. ಎಲ್ಲ ಉಪಕರಣಗಳೂ ಮೌನವಾಗಿದ್ದರೆ ಕೆಲಸ ಆಗಿದೆ. ಎಲ್ಲೋ ಒಂದು ಸ್ವಿಚ್ ಇನ್ನೂ ಟೆಲ್ನೆಟ್ಟಿನಲ್ಲಿ ಯೂಸರ್‌ನೇಮ್ ಕೇಳಿದರೆ ಆಗಿಲ್ಲ.